ಕೋಪನ್‌ಹೇಗನ್ನಿನಲ್ಲಿ ಕಂಡ ಕಿಲುಬು

ನ್ಯಾಮತಿ

ವಿದೇಶಕ್ಕೆ ಹೊರಟವರು ಮೊದಲು ಮನೆದೇವರಿಗೆ ಹೋಗಿ ಬರುತ್ತಾರೆ. ನಾನು ನ್ಯಾಮತಿಗೆ ಹೋಗಿ ಬಂದೆ. ಅಲ್ಲಿ ನನ್ನ ಅಕ್ಕ ಗಿರಿಜಕ್ಕ ಇದ್ದಾಳೆ. ಅವಳು ಹೂಂ ಅನ್ನದೆ ನಾನು ಒಂದು ಹೊಸ ಪ್ಯಾಂಟು ಕೂಡ ಹೊಲಿಸಿದವನಲ್ಲ, ಇನ್ನು ಡೆನ್ಮಾರ್ಕ್ ಎಲ್ಲಿಂದ ಬಂತು.

ಚನ್ನಗಿರಿಯಿಂದ ಹೊರಟ ಬಸ್ಸು ಸಾಸ್ವೆಹಳ್ಳಿ ದಾಟಿ ಹೊನ್ನಾಳಿಯ ಸೇತುವೆ ಮೇಲೆ ಬಂದಾಗ, ಈ ಸೇತುವೆ ಈಗಲೇ ಬಿದ್ದರೆ ಏನು ಗತಿ ಎಂದು ಎಂದಿನಂತೆ ಯೋಚಿಸಿದೆ. ಬುದ್ಧಿ ಬಂದಾಗಿನಿಂದ ಅಲ್ಲಿ ನನಗೆ ಇದೇ ಯೋಚನೆ. ಸೇತುವೆ ಗಟ್ಟಿಯಾಗಿದೆ, ನನ್ನ ಯೋಚನೆಯೂ.

ಅಕ್ಕ ತಮ್ಮ ಕಿರಾಣಿ ಅಂಗಡಿಯ ಗಲ್ಲಾದ ಹಿಂದೆ, ಎಡಗಾಲನ್ನು ಖಾಲಿ ಎಣ್ಣೆ ಡಬ್ಬದ ಮೇಲೆ ಚಾಚಿ ಕೂತಿದ್ದಳು. ಹಿಮ್ಮಡಿಗೆ ಬಿಳಿ ಬಟ್ಟೆ ಸುತ್ತಿತ್ತು. ಯಾರದೋ ಮದುವೆಗೆಂದು ಕೊಂಡ ಹೊಸ ಚಪ್ಪಲಿ ಕಚ್ಚಿದ್ದು ಅದು. ಸಕ್ಕರೆ ಕಾಯಿಲೆಯವರಿಗೆ ಚಪ್ಪಲಿ ಕಚ್ಚಿದರೆ, ಚಪ್ಪಲಿ ಹರಿದು ಹೋದರೂ ಗಾಯ ಮಾಯುವುದಿಲ್ಲ. ದಾವಣಗೆರೆಯ ಡಾಕ್ಟರು ನೋಡಿ, ಗಾಯದ ಮೇಲೆ ಲೋಳೆ ಕಟ್ಟಿಕೊಂಡಿದೆ, ಕೆರೆದು ತೆಗೆಯಬೇಕು, ಅಡ್ಮಿಟ್ ಆಗಿ ಎಂದಿದ್ದರು. ಅಕ್ಕ ಆಗಿರಲಿಲ್ಲ. ಆಗದೇ ಇದ್ದುದಕ್ಕೆ ಕಾರಣ ನಾನೇ.

ನಾನು ಚನ್ನಗಿರಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವವನು. ಬ್ಯಾಕ್ಟೀರಿಯಾಗಳು ಒಂಟಿಯಾಗಿ ಅಲೆಯುತ್ತಿದ್ದಾಗ ಔಷಧಿಗೆ ಸುಲಭವಾಗಿ ಸಾಯುತ್ತವೆ. ಒಂದು ಕಡೆ ಕಚ್ಚಿಕೊಂಡು ಕೂತು, ಗುಂಪಾಗಿ ಬೆಳೆದು, ಮೇಲೆ ಲೋಳೆಯ ಕಂಬಳಿ ಹೊದ್ದುಕೊಂಡವೋ, ಮತ್ತೆ ಯಾರ ಮಾತನ್ನೂ ಕೇಳುವುದಿಲ್ಲ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ವಿದ್ಯಾರ್ಥಿಗಳಿಗೆ ನಾನು ಸೂಳೆಕೆರೆಯ ಮೆಟ್ಟಿಲು ನೆನಪಿಸುತ್ತೇನೆ. ಅಲ್ಲಿ ಕಾಲಿಟ್ಟು ಜಾರಿ ಬೀಳದವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇಲ್ಲವಾದ್ದರಿಂದ ಪಾಠ ಬೇಗ ಅರ್ಥವಾಗುತ್ತದೆ.

ಆ ಲೋಳೆಗೆ ನಾನು ಹಿಡಿದುಕೊಂಡಿದ್ದ ಮದ್ದು ಕರಿಜಾಲಿ ತೊಗಟೆಯ ಕಷಾಯ. ನಮ್ಮೂರು ಜಗಳೂರು ಸೀಮೆ. ಹೊಲದ ಬದುವಿಗೆಲ್ಲ ಕರಿಜಾಲಿಯೇ. ಅವ್ವ ಅದರ ತೊಗಟೆ ಕಾಯಿಸಿ ನಮಗೆ ಬಾಯಿ ಮುಕ್ಕಳಿಸಲು ಕೊಡುತ್ತಿದ್ದಳು, ಮೊಣಕಾಲು ತರಚಿದರೆ ತೊಳೆಯುತ್ತಿದ್ದಳು. ಕಾಲೇಜಿನ ಲ್ಯಾಬಿನಲ್ಲಿ ನಾನು ಕಾಯಿಸಿದ ಕಷಾಯ ಕಟ್ಟಿದ್ದ ಲೋಳೆಯನ್ನೂ ಒಡೆದು ಹಾಕಿತು. ಪರೀಕ್ಷೆ ಮಾಡುವುದು ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ. ನೋಡಲು ಪಡ್ಡಿನ ಹಂಚಿನ ಮರಿಯಂತಿರುತ್ತದೆ. ನೇರಳೆ ಬಣ್ಣ ಹಾಕಿ ತೊಳೆದರೆ ಲೋಳೆ ಇದ್ದಲ್ಲಿ ಬಣ್ಣ ನಿಲ್ಲುತ್ತದೆ, ಇಲ್ಲದಲ್ಲಿ ಹೋಗುತ್ತದೆ. ಬರೀ ನೀರು ಹಾಕಿದ ಗುಳಿಗಳು ನೇರಳೆಹಣ್ಣು ತಿಂದ ನಾಲಿಗೆಯಂತಿದ್ದವು. ಕಷಾಯದ ಗುಳಿಗಳು ಸ್ವಚ್ಛ. ಆ ಫೋಟೊ ನೋಡಿಯೇ ಕೋಪನ್‌ಹೇಗನ್ನಿನ ಒಂದು ಪ್ರಯೋಗಾಲಯದವರು ಬನ್ನಿ, ಇಲ್ಲಿಯೂ ಮಾಡಿ ತೋರಿಸಿ ಎಂದು ಕರೆದದ್ದು. ಅದೇ ಫೋಟೊವನ್ನು ನಾನು ಅಕ್ಕನಿಗೂ ತೋರಿಸಿದ್ದೆ. ಅಂದಿನಿಂದ ಅವಳು ಡಾಕ್ಟರನ್ನು ಬಿಟ್ಟು ತೊಗಟೆ ಹಿಡಿದಿದ್ದಳು.

“ನೋಡ್ರಿ, ಇವನೇ ನನ್ ತಮ್ಮ,” ಎಂದು ಬೇಳೆ ಕೊಳ್ಳಲು ಬಂದವರಿಗೆ ನನ್ನನ್ನು ತೋರಿಸಿದಳು. “ಜಗಳೂರು ಜಾಲಿ ತೊಗಟೆ ಹೊತ್ಕಂಡು ಫಾರಿನ್ನಿಗೆ ಹೊಂಟಾನೆ. ಪಾಪ, ಅಲ್ಲಿ ಅವರಿಗೆ ಮರ ಇಲ್ಲಂತೆ.”

“ಅಕ್ಕ, ದಾವಣಗೆರೆಗೆ ಯಾವಾಗ ಹೋಗ್ತೀಯ?”

“ನೀನು ಹೋಗಿ ಬಾ. ಅವರೂ ಹೂಂ ಅನ್ಲಿ. ಆಮ್ಯಾಲೆ ಆ ಡಾಕ್ಟ್ರಿಗೆ ನಾನೇ ಬುದ್ಧಿ ಹೇಳ್ತೀನಿ. ಕೆರೀತಾರಂತೆ! ಕೆರಿಯಾಕೆ ನನ್ ಕಾಲೇನು ತೆಂಗಿನಕಾಯೇನೋ?”

“ಲ್ಯಾಬಿನ ತಟ್ಟೆ ಬೇರೆ, ಕಾಲು ಬೇರೆ ಅಕ್ಕ.”

“ಫೋಟೋ ತೋರ್ಸುವಾಗ ಹಂಗಂದಿದ್ಯಾ?”

ಅಂದಿರಲಿಲ್ಲ. ಭಾವ ಮಾತಾಡುವವರಲ್ಲ. ಸಕ್ಕರೆ ಪೊಟ್ಟಣ ಕಟ್ಟುತ್ತಾ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದರು. ಆ ನೋಟ ಹೊತ್ತುಕೊಂಡೇ ನಾನು ವಿಮಾನ ಹತ್ತಿದ್ದು.

ವಿಮಾನದಲ್ಲಿ

ಕಂದು ಬಣ್ಣದ ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ದೇಶ ದಾಟುವವನು ನೆಮ್ಮದಿಯಾಗಿರಬೇಕಾದರೆ ಅವನು ಒಂದೋ ಸಂತನಾಗಿರಬೇಕು, ಇಲ್ಲವೇ ನುರಿತ ಕಳ್ಳನಾಗಿರಬೇಕು. ನಾನು ಎರಡೂ ಅಲ್ಲ. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಆದರೂ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದವರು ಕಂಡಲ್ಲೆಲ್ಲ ನಾನಾಗಿಯೇ ಹೋಗಿ, “ಇದು ತೊಗಟೆ ಪುಡಿ ಸರ್, ಜಾಲಿ ಮರದ್ದು,” ಎಂದು ಹೇಳಿದೆ. ಒಬ್ಬರು ಸಾಕಾಗಿ, “ಯಜಮಾನ್ರೇ, ನಾನು ಇಲ್ಲಿ ಟ್ರಾಲಿ ತಳ್ಳೋನು,” ಎಂದರು.

ಕೋಪನ್‌ಹೇಗನ್ನಿನಲ್ಲಿ ಅಧಿಕಾರಿಯೊಬ್ಬ ಚೀಲ ಎತ್ತಿ ನೋಡಿ, ಕಾಗದ ಓದಿ, ನಕ್ಕು ಕಳಿಸಿದ. ಅಷ್ಟು ಸುಲಭವಾಗಿ ಬಿಟ್ಟದ್ದೂ ನನಗೆ ಚಿಂತೆಗೆ ಕಾರಣವಾಯಿತು. ಇವರು ಹೀಗೆ ಎಲ್ಲರನ್ನೂ ಬಿಟ್ಟರೆ ದೇಶದ ಗತಿಯೇನು?

ಮೊದಲ ಊಟ

ನನಗೆ ಕೊಟ್ಟ ಕೋಣೆಯಲ್ಲಿ ಒಲೆ, ಪಾತ್ರೆ, ಕಿಟಕಿಯಲ್ಲಿ ಒಂದು ಮೋಂಬತ್ತಿ. ಕರೆಂಟು ಹೋಗುತ್ತದೇನೋ ಎಂದುಕೊಂಡೆ. ಆಮೇಲೆ ತಿಳಿಯಿತು, ಅಲ್ಲಿ ಕರೆಂಟು ಹೋಗುವುದೇ ಇಲ್ಲ, ಅದಕ್ಕೇ ಅವರಿಗೆ ಮೋಂಬತ್ತಿಯೆಂದರೆ ಅಷ್ಟು ಪ್ರೀತಿ. ನಮಗೆ ಆ ಬೆಳಕಿನಲ್ಲಿ ಪರೀಕ್ಷೆಗೆ ಓದಿದ ನೆನಪು ಮಾತ್ರ ಬರುತ್ತದೆ.

ಅನ್ನ ಮಾಡಿದೆ. ಹೆಂಡತಿ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯ ಚೀಲ ಬಿಚ್ಚಿ ಧಾರಾಳವಾಗಿ ಸುರಿದುಕೊಂಡು, ತುಪ್ಪ ಬಿಟ್ಟು ಕಲಸಿ, ದೊಡ್ಡದೊಂದು ತುತ್ತು ಬಾಯಿಗಿಟ್ಟೆ. ನಾಲಿಗೆಯನ್ನು ಯಾರೋ ಹಿಂದಿನಿಂದ ಹಿಡಿದು ಎಳೆದಂತಾಯಿತು. ಕೆನ್ನೆ ಎರಡೂ ಒಳಗೆ ಸೇರಿದವು. ಚೀಲದ ಮೇಲಿನ ಚೀಟಿ ಕಿತ್ತುಹೋಗಿತ್ತು. ನಾನು ಸುರಿದುಕೊಂಡದ್ದು ತೊಗಟೆ ಪುಡಿ.

ಉಗುಳಲು ಎದ್ದವನು ಸಿಂಕಿನ ಹತ್ತಿರ ಹಾಗೇ ನಿಂತೆ. ಆ ಒಗರು ನನಗೆ ಗೊತ್ತಿತ್ತು. ಜಗಳೂರಿನ ಮನೆಯ ಹಿಂದಿನ ಬಚ್ಚಲ ಕಲ್ಲು, ಅದರ ಮೇಲೆ ಸಾಲಾಗಿ ಕೂತ ನಾನು, ಅಕ್ಕ. ಅವ್ವ ಲೋಟದಲ್ಲಿ ಕೆಂಪು ಕಷಾಯ ಕೊಟ್ಟು, “ನುಂಗಬ್ಯಾಡ, ಮುಕ್ಕಳ್ಸು,” ಎನ್ನುತ್ತಿದ್ದಳು. ಅಕ್ಕ ಅದನ್ನು ಬಾಯಲ್ಲಿ ತುಂಬಿಕೊಂಡು ನನ್ನ ಮುಖಕ್ಕೇ ಗುರಿಯಿಟ್ಟು ಉಗುಳುತ್ತಿದ್ದಳು. ನಾನು ಅತ್ತರೆ, “ಹಲ್ಲು ಗಟ್ಟಿಯಾಗ್ತಾವೆ, ಅಳಬ್ಯಾಡ,” ಎಂದು ಇನ್ನೊಂದು ಲೋಟ ಸಿಗುತ್ತಿತ್ತು. ಕೋಪನ್‌ಹೇಗನ್ನಿನ ಮೂರನೇ ಮಹಡಿಯಲ್ಲಿ, ಬಾಯಿ ತುಂಬ ಅನ್ನ ಇಟ್ಟುಕೊಂಡು, ಐವತ್ತು ದಾಟಿದ ನಾನು ಒಬ್ಬನೇ ನಕ್ಕೆ. ಆಮೇಲೆ ಉಗುಳಿದೆ.

ಲ್ಯಾಬು

ಪ್ರಯೋಗಾಲಯದ ಮುಖ್ಯಸ್ಥೆ ಕೀರ್ಸ್ಟನ್ ನನ್ನ ವಯಸ್ಸಿನವರು. ಮಳೆಯಲ್ಲಿ ಸೈಕಲ್ ತುಳಿದುಕೊಂಡು ಬಂದು, ನೆನೆದ ಕೂದಲು ಒದರಿ, ಮೇಡಂ ಅನ್ನಬೇಡಿ, ಹೆಸರು ಹಿಡಿದು ಕರೆಯಿರಿ ಎಂದರು. ಪ್ರಯತ್ನಿಸಿದೆ. ‘ಕೀರ್ಸ್ಟನ್’ ಅಂದ ತಕ್ಷಣ ಅದರ ಬಾಲಕ್ಕೆ ‘ಮೇಡಂ’ ತಾನಾಗಿ ಬಂದು ಅಂಟಿಕೊಳ್ಳುತ್ತಿತ್ತು. ಕೊನೆಗೆ ಅವರು ಸೋತರು.

ನಮ್ಮ ಕಾಲೇಜಿನಲ್ಲಿ ತಿಂಡಿ ತಟ್ಟೆ ತೊಳೆಯುವ ಹೊತ್ತಿಗೆ ಅವರದು ಮಧ್ಯಾಹ್ನದ ಊಟ. ಕಪ್ಪು ಬ್ರೆಡ್ಡಿನ ಮೇಲೆ ತಣ್ಣಗಿನ ಮೀನು. ಎಲ್ಲರೂ ಒಟ್ಟಿಗೆ ಕೂತು, ಒಟ್ಟಿಗೆ ಏಳುತ್ತಾರೆ. ಶುಕ್ರವಾರ ಬೆಳಗ್ಗೆ ಸರದಿಯಂತೆ ಒಬ್ಬೊಬ್ಬರು ಎಲ್ಲರಿಗೂ ತಿಂಡಿ ತರಬೇಕು. ಹುಟ್ಟಿದ ಹಬ್ಬವಿದ್ದರೆ ಇನ್ನೂ ಅನ್ಯಾಯ. ಹುಟ್ಟಿದವರೇ ಕೇಕ್ ತಂದು ಉಳಿದವರಿಗೆ ತಿನ್ನಿಸಬೇಕು.

ಕೆಲಸ ಶುರುವಾಯಿತು. ಹೊಳೆಯುವ ಗಾಜಿನ ಬೀಕರಿನಲ್ಲಿ, ನಾನು ಊರಲ್ಲಿ ಕಾಯಿಸುವ ಹಾಗೆಯೇ ತೊಗಟೆ ಕಾಯಿಸಿದೆ. ಬಣ್ಣ ಅದೇ, ವಾಸನೆ ಅದೇ. ತಟ್ಟೆಯಲ್ಲಿ ಮೊದಲೇ ಬೆಳೆಸಿದ್ದ ಲೋಳೆಯ ಮೇಲೆ ಹಾಕಿದೆವು. ಮರುದಿನ ನೇರಳೆ ಬಣ್ಣ ಹಾಕಿ ತೊಳೆದು ನೋಡಿದರೆ ಈ ತುದಿಯಿಂದ ಆ ತುದಿಯವರೆಗೆ ನೇರಳೆಹಣ್ಣು. ನೀರಿನ ಗುಳಿ ಯಾವುದು, ನನ್ನ ಕಷಾಯದ ಗುಳಿ ಯಾವುದು ಎಂದು ಗೊತ್ತಾಗಲೇ ಇಲ್ಲ.

“ಕುತೂಹಲಕಾರಿಯಾಗಿದೆ,” ಎಂದರು ಕೀರ್ಸ್ಟನ್. ನಮ್ಮವರು ‘ಶಿವ ಶಿವಾ’ ಎನ್ನುವ ಕಡೆಯಲ್ಲೆಲ್ಲ ಆ ದೇಶದವರು ಈ ಮಾತನ್ನು ಬಳಸುತ್ತಾರೆ.

ಮತ್ತೆ ಮಾಡಿದೆ. ಕಾಯಿಸುವುದು ಹೆಚ್ಚಾಯಿತೇನೋ ಎಂದು ಕಡಿಮೆ ಕಾಯಿಸಿದೆ. ಕಡಿಮೆಯಾಯಿತೇನೋ ಎಂದು ಬತ್ತಿಸಿದೆ. ಆಯ್ಕೆ ಮಾಡಿ ತಂದ ಮರವೇ ಕೆಟ್ಟದ್ದಿರಬೇಕು, ವಿಮಾನದ ಚಳಿಗೆ ಪುಡಿ ಕೆಟ್ಟಿರಬೇಕು, ನನ್ನ ಗ್ರಹಚಾರ ಕೆಟ್ಟಿರಬೇಕು ಎಂದೆಲ್ಲ ಅನ್ನಿಸಿತು. ಲೋಳೆ ಮಾತ್ರ ಕಂಬಳಿ ಹೊದ್ದು ಆರಾಮಾಗಿ ಮಲಗಿತ್ತು.

ಆ ಸಂಜೆಯೇ ಭಾವ ಒಂದು ಫೋಟೊ ಕಳಿಸಿದರು. ಕೆಳಗೆ ಒಂದಕ್ಷರವೂ ಇಲ್ಲ. ಅಕ್ಕನ ಹಿಮ್ಮಡಿ. ಗಾಯದ ಅಂಚು ಕಪ್ಪಗಾಗಿತ್ತು. ಅದರ ಹಿಂದೆಯೇ ಅಕ್ಕನ ಧ್ವನಿ ಬಂತು: “ಏ ಬಸ್ಯಾ, ಇವರು ಸುಮ್ನೆ ಹೆದರ್ತಾರೆ. ನಾನು ದಿನಾ ಎರಡು ಸಲ ಕಷಾಯದಾಗೆ ತೊಳೀತಿದೀನಿ. ನೀನೇನು ಯೋಚ್ನೆ ಮಾಡಬ್ಯಾಡ.”

ನನಗೆ ಯೋಚನೆ ಮಾಡಬೇಡ ಎನ್ನುವುದು ಮೀನಿಗೆ ಈಜಬೇಡ ಎಂದಂತೆ. ಆದರೆ ಆ ರಾತ್ರಿಯವರೆಗಿನ ನನ್ನ ಚಿಂತೆಗಳೆಲ್ಲ ಒಂಥರಾ ಹವ್ಯಾಸ. ಇದು ಬೇರೆ.

ಹಸಿರು ಗೋಪುರ

ಭಾನುವಾರ ಲ್ಯಾಬಿಗೆ ಬೀಗ. ಕೋಣೆಯಲ್ಲಿ ಕೂತರೆ ಆ ಫೋಟೊ ನೋಡುತ್ತಲೇ ಇರುತ್ತೇನೆಂದು ಬೀದಿಗೆ ಬಂದೆ. ಒಂದು ಕಾಫಿ ಅಂಗಡಿಯ ಹೊರಗೆ ತಳ್ಳುಗಾಡಿಯಲ್ಲಿ ಕೂಸು ಮಲಗಿತ್ತು. ಸುತ್ತ ಯಾರೂ ಇಲ್ಲ. ಚಳಿಗಾಳಿ ಬೇರೆ. ಯಾರೋ ಮರೆತು ಹೋಗಿದ್ದಾರೆಂದು ಗಾಬರಿಯಾಗಿ ಗಾಡಿಯ ಪಕ್ಕ ಕಾವಲು ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಾಯಿ ಓಡಿ ಬಂದಳು. ಕೂಸನ್ನು ಗಾಳಿಗೆ ಬಿಟ್ಟು ಮಲಗಿಸುವುದು ಅಲ್ಲಿಯ ಪದ್ಧತಿಯಂತೆ. ಅದರ ಪಕ್ಕದಲ್ಲಿ ಮಂಕಿ ಟೋಪಿ ಹಾಕಿದ ಒಬ್ಬ ಗಂಡಸು ಬಂದು ನಿಲ್ಲುವುದು ಪದ್ಧತಿಯಲ್ಲ. “ತಪ್ಪು ತಿಳಿಯಬೇಡಿ, ನಾನು ಕಾಯುತ್ತಿದ್ದೆ,” ಎಂದೆ. ಅವಳು ನನ್ನ ಮುಖ ನೋಡಿ, ಇವನಿಂದ ಕೂಸಿಗಿರಲಿ, ಇರುವೆಗೂ ಅಪಾಯವಿಲ್ಲ ಎಂದು ತಿಳಿದವಳಂತೆ ನಕ್ಕಳು.

ಅಲ್ಲಿಂದ ಮುಂದೆ ಒಂದು ಕಲ್ಲುಬೆಂಚು. ಎದುರಿಗೆ ಹಳೆಯ ಕಟ್ಟಡದ ಗೋಪುರ, ಅದರ ತುದಿಯವರೆಗೂ ತಿಳಿಹಸಿರು. ಪಕ್ಕದಲ್ಲಿ ಕೂತಿದ್ದ ಮುದುಕರನ್ನು ಕೇಳಿದೆ, ಇಷ್ಟು ಎತ್ತರಕ್ಕೆ ಬಣ್ಣ ಹೇಗೆ ಬಳಿಯುತ್ತೀರಿ ಎಂದು.

“ಬಣ್ಣವಲ್ಲ,” ಎಂದರು ಅವರು. “ತಾಮ್ರದ ಹಾಳೆ. ಮಳೆ ಗಾಳಿ ಕುಡಿದು ಹಸಿರಾಗುತ್ತದೆ. ಹೊಸದಾಗಿ ಹೊದಿಸಿದಾಗ ಕೆಂಪಗಿರುತ್ತದೆ. ನಮಗದು ಚೆನ್ನಾಗಿ ಕಾಣುವುದಿಲ್ಲ. ಹಸಿರಾಗಲಿ ಎಂದು ವರ್ಷಗಟ್ಟಲೆ ಕಾಯುತ್ತೇವೆ.”

ಕಿಲುಬು! ನಾನು ಗಟ್ಟಿಯಾಗಿಯೇ ಅಂದಿರಬೇಕು, ಮುದುಕರು ತಿರುಗಿ ನೋಡಿದರು. ಇವರು ಕಿಲುಬಿಗಾಗಿ ಕಾಯುತ್ತಾರೆ. ಅವ್ವ ಇದ್ದಿದ್ದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಣಸೇಹಣ್ಣಿನ ಉಂಡೆ ಹಿಡಿದು ಆ ಗೋಪುರ ಹತ್ತುತ್ತಿದ್ದಳು.

ನಮ್ಮ ಮನೆಯಲ್ಲಿ ಒಂದು ದೊಡ್ಡ ತಾಮ್ರದ ಬೋಗುಣಿ ಇತ್ತು. ಚಿಕ್ಕವನಿದ್ದಾಗ ಒಮ್ಮೆ ಅದರಲ್ಲಿ ಮಜ್ಜಿಗೆ ಬಿಟ್ಟು ಆಡಲು ಹೋಗಿದ್ದೆ. ಅಂಚಿನಲ್ಲಿ ಹಸಿರು ಎದ್ದಿತು. ಅವ್ವ ಮಜ್ಜಿಗೆಯನ್ನು ತಿಪ್ಪೆಗೆ ಚೆಲ್ಲಿ, ಅದೇ ಕೈಯಲ್ಲಿ ನನ್ನ ಬೆನ್ನಿಗೆ ಕೊಟ್ಟಳು. “ಕಲಾಯಿ ಹೋದ ಪಾತ್ರೇಲಿ ಹುಳಿ ಇಡ್ತಾರೇನೋ? ಕಿಲುಬು ಹೊಟ್ಟೆಗೆ ಹೋದ್ರೆ ಏನಾಗ್ತೈತೆ ಗೊತ್ತಾ?”

ಮುಂದಿನ ಸೋಮವಾರ ಹೊನ್ನಾಳಿಯಿಂದ ಖಾದರ್ ಸಾಬರು ಬಂದರು. ವರ್ಷಕ್ಕೊಮ್ಮೆ ನಮ್ಮ ಓಣಿಗೆ ಬಂದು ಬೇವಿನ ಮರದಡಿ ಕುಣಿ ತೋಡಿ, ತಿದಿ ಹೂತು ಕೂರುತ್ತಿದ್ದ ಕಲಾಯಿಯವರು. ಬೋಗುಣಿ ಕೆಂಡದ ಮೇಲೆ ಕಾದ ಮೇಲೆ ನವಸಾಗರದ ಪುಡಿ ಚಿಮುಕಿಸಿದರೆ ಬುಸ್ಸೆಂದು ಬಿಳಿ ಹೊಗೆ. ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಲ್ಲಿ ಒಂದು ಸುತ್ತು ಒರೆಸಿದರೆ ಕಪ್ಪು ಪಾತ್ರೆಯೊಳಗೆ ಹುಣ್ಣಿಮೆ ಮೂಡುತ್ತಿತ್ತು. ನಾವು ಮಕ್ಕಳು ನಮ್ಮ ಮುಖ ಅದರಲ್ಲಿ ನೋಡಿಕೊಳ್ಳಲು ತಳ್ಳಾಡುತ್ತಿದ್ದೆವು. “ಹುಷಾರು ಬೇಟಾ, ಮೂಗು ಅಂಟ್ಕಂಡ್ರೆ ಅದಕ್ಕೂ ಕಲಾಯಿ ಹಾಕ್ಬೇಕಾಗ್ತೈತೆ,” ಎನ್ನುತ್ತಿದ್ದರು ಸಾಬರು. ಸ್ಟೀಲು ಬಂತು. ಸಾಬರು ಬರುವುದು ನಿಂತಿತು. ಅವ್ವನೂ ಹೋದಳು. ಪಾತ್ರೆ ಹಂಚಿಕೊಳ್ಳುವಾಗ ಅಕ್ಕ ಒರಳುಕಲ್ಲು ಸಾಕು ಎಂದಳು. ನಾನು ಬೋಗುಣಿ ತಂದುಕೊಂಡೆ.

ಬೆಂಚಿನ ಮೇಲೆ ಕೂತಲ್ಲೇ ಹೊಳೆಯಿತು. ಚನ್ನಗಿರಿಯ ಲ್ಯಾಬಿನಲ್ಲಿ ನಾನು ತೊಗಟೆ ಕಾಯಿಸುತ್ತಿದ್ದುದು ಆ ಬೋಗುಣಿಯಲ್ಲಿ. ದೊಡ್ಡ ಬೀಕರುಗಳು ಒಡೆದಿದ್ದವು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಅವ್ವನ ಮದ್ದು ಅವ್ವನ ಪಾತ್ರೆಯಲ್ಲೇ ಕುದಿಯಲಿ ಎಂಬ ಆಸೆ. ಒಳಗಿನ ಕಲಾಯಿ ಎಂದೋ ಸವೆದು ತಾಮ್ರ ಕಾಣುತ್ತಿತ್ತು. ತೊಗಟೆಯ ಒಗರಿಗೂ ಹುಳಿಯಂಥದೇ ಗುಣ, ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಹೋಲಿಕೆಗೆ ಇಟ್ಟ ನೀರನ್ನೋ ನಾನು ಕ್ಯಾನಿನಿಂದ ನೇರ ಸುರಿದಿದ್ದೆ, ಬೋಗುಣಿಗೆ ಹಾಕಿರಲಿಲ್ಲ. ಹಾಗಿದ್ದರೆ ಆ ಗುಳಿಗಳಲ್ಲಿ ಲೋಳೆಯನ್ನು ಕೊಂದದ್ದು ತೊಗಟೆಯಲ್ಲ, ಕಿಲುಬು. ಮತ್ತು ನ್ಯಾಮತಿಯಲ್ಲಿ ಅಕ್ಕ ಕಷಾಯ ಕಾಯಿಸುತ್ತಿದ್ದುದು ಸ್ಟೀಲಿನ ಪಾತ್ರೆಯಲ್ಲಿ. ಅವಳು ಇಷ್ಟು ದಿನ ಕಾಲು ತೊಳೆಯುತ್ತಿದ್ದುದು ಬರೀ ಕೆಂಪು ನೀರಿನಲ್ಲಿ.

ಫೋನು

ಸೋಮವಾರ ಪರೀಕ್ಷೆ ಮಾಡಿ ಖಚಿತವಾದ ಮೇಲೆ ಹೇಳೋಣ ಎಂದಿತು ನನ್ನೊಳಗಿನ ಮೇಷ್ಟ್ರು. ಆ ಫೋಟೊದ ಕಪ್ಪು ಅಂಚು ಸೋಮವಾರದವರೆಗೆ ಕಾಯುತ್ತದೆಯೇ? ಅದೇ ಬೆಂಚಿನಿಂದ ಫೋನು ಮಾಡಿದೆ. ನ್ಯಾಮತಿಯಲ್ಲಿ ದೀಪ ಹಚ್ಚುವ ಹೊತ್ತು.

“ಅಕ್ಕ, ನಾಳೆನೇ ದಾವಣಗೆರೆಗೆ ಹೋಗು. ಕೆರೆಸ್ಕೋ.”

“ಯಾಕೋ? ಅಲ್ಲಿಯೋರು ಏನಂದ್ರು?”

“ತೊಗಟೆ ಕೆಲ್ಸ ಮಾಡ್ಲಿಲ್ಲ.”

“ಅವರಿಗೆ ಕಾಯ್ಸಾಕೆ ಬರಂಗಿಲ್ಲೇನೋ.”

“ಕಾಯ್ಸಿದ್ದು ನಾನೇ.”

“ಅದಕ್ಕೇ ಮತ್ತೆ. ನಿಂಗೆ ಚಾ ಕಾಯ್ಸಾಕೂ ಬರಲ್ಲ.”

“ಅಕ್ಕ, ಕೇಳಿಲ್ಲಿ. ಊರಾಗೆ ನಾನು ಕಾಯ್ಸಿದ್ದು ಅವ್ವನ ಬೋಗುಣೀಲಿ. ಅದರ ಕಲಾಯಿ ಹೋಗಿತ್ತು. ಆ ಲೋಳೆ ಸತ್ತಿದ್ದು ಕಿಲುಬಿಗೆ.”

ಆ ಕಡೆ ಅಂಗಡಿಯಲ್ಲಿ ತಕ್ಕಡಿಯ ಸದ್ದು ಕೇಳಿಸಿತು. ಆಮೇಲೆ ಬಂದದ್ದು ಅಕ್ಕನ ಧ್ವನಿಯಲ್ಲ, ಅವ್ವನದು.

“ಕಲಾಯಿ ಹೋದ ಬೋಗುಣೀಲಿ ಒಗರು ಕಾಯ್ಸಿದ್ಯಾ?”

“ಹೂಂ.”

“ಮಜ್ಜಿಗೆ ಏಟು ಮರ್ತುಹೋತಾ?”

“ಈಗ ನೆನಪಾತು. ಅಕ್ಕ, ನೀನು ಕಾಯ್ಸ್ತಿರೋದು ಸ್ಟೀಲಿನಾಗೆ. ಅದರಾಗೆ ಬರೀ ತೊಗಟೆ ಐತೆ. ಅದು ಆ ಲೋಳೇನ ಅಲ್ಲಾಡ್ಸಲ್ಲ.”

“ಅಷ್ಟೇ ತಾನೆ? ಇಲ್ಲೊಂದು ತಾಮ್ರದ ತಂಬಿಗೆ ಐತೆ. ನಾಳೆಯಿಂದ ಅದರಾಗೇ ಕಾಯ್ಸಿ ತೊಳೀತೀನಿ ತಗಾ.”

“ಬ್ಯಾಡಕ್ಕ!” ನಾನು ಕೂಗಿದ್ದಕ್ಕೆ ಗೋಪುರದ ಪಾರಿವಾಳಗಳು ಎದ್ದವು. ಬೀದಿಯಲ್ಲಿ ಗಟ್ಟಿಯಾಗಿ ಸೀನುವುದಕ್ಕೂ ಹಿಂಜರಿಯುವ ಜನ ಅವರು. ಪಕ್ಕದ ಮುದುಕರು ತಮ್ಮ ಚೀಲವನ್ನು ಹತ್ತಿರ ಎಳೆದುಕೊಂಡರು. “ಕಿಲುಬಿಗೆ ಹುಳ ಯಾವ್ದು, ನಿನ್ ಮಾಂಸ ಯಾವ್ದು ಅಂತ ಗೊತ್ತಾಗಲ್ಲ. ಎರಡ್ನೂ ಸುಡ್ತೈತೆ. ಗಾಯಕ್ಕೆ ಏನೂ ಹಾಕಬ್ಯಾಡ. ಡಾಕ್ಟ್ರ ಹತ್ರ ಹೋಗು.”

ಅವಳು ಸಣ್ಣ ಧ್ವನಿಯಲ್ಲಿ ಕೇಳಿದಳು. “ಬಸ್ಯಾ, ಕಾಲು ತೆಗೀತಾರೇನೋ?”

ಹಾಗಾದರೆ ಇಷ್ಟು ದಿನ ಅವಳನ್ನು ಗಲ್ಲಾದ ಹಿಂದೆ ಕೂರಿಸಿದ್ದು ಈ ಭಯ. ನನ್ನ ಫೋಟೊ ಅದಕ್ಕೊಂದು ನೆಪ. ಲೋಕದಲ್ಲಿ ಇಲ್ಲದ್ದಕ್ಕೆಲ್ಲ ಹೆದರುವ ನಾನು, ಪಕ್ಕದಲ್ಲೇ ಇದ್ದ ಈ ಹೆದರಿಕೆಯನ್ನು ನೋಡಿರಲಿಲ್ಲ.

“ಈಗ ಹೋದ್ರೆ ಕೆರೀತಾರೆ, ಔಷಧಿ ಹಾಕ್ತಾರೆ. ನಾನು ಬರೋಗಂಟ ಕಾಯ್ತೀನಿ ಅಂತ ಕೂತ್ರೆ ಏನಾಗ್ತೈತೋ ನಂಗೊತ್ತಿಲ್ಲ ಅಕ್ಕ.”

“ನಂಗೊತ್ತಿಲ್ಲ ಅಂತ ನಿನ್ ಬಾಯಾಗೆ ಕೇಳಿದ್ದು ಇದೇ ಮೊದ್ಲು,” ಎಂದಳು. ಆಮೇಲೆ ಫೋನು ಕೆಳಗಿಟ್ಟು, ನನಗೂ ಕೇಳುವಷ್ಟು ಗಟ್ಟಿಯಾಗಿ ಭಾವನಿಗೆ ಹೇಳಿದಳು: “ಏನ್ರೀ, ನಾಳೆ ಅಂಗಡಿ ಬಾಗ್ಲು ತೆಗಿಯಾದು ಬ್ಯಾಡ. ಮೊದಲ್ನೇ ಬಸ್ಸಿಗೆ ದಾವಣಗೆರೆಗೆ ಹೋಗಣ.”

ಕೊನೆಯ ಶುಕ್ರವಾರ

ಕೀರ್ಸ್ಟನ್ ಮೇಡಂಗೆ ಕಿಲುಬನ್ನು ವಿವರಿಸಿದೆ. ಕಲಾಯಿಯನ್ನು ವಿವರಿಸಲು ಕೈಯಲ್ಲಿ ತಿದಿ ಒತ್ತಿ, ಬಾಯಲ್ಲಿ ಬುಸ್ಸೆಂದು ಹೊಗೆ ಬಿಟ್ಟು ತೋರಿಸಬೇಕಾಯಿತು. ಅವರು ಈ ಸಲ ‘ಕುತೂಹಲಕಾರಿ’ ಎನ್ನಲಿಲ್ಲ. ಮರುದಿನ ತಮ್ಮ ಮನೆಯ ನೆಲಮಾಳಿಗೆಯಿಂದ ಹಳೆಯ ತಾಮ್ರದ ಪೈಪಿನ ತುಂಡೊಂದನ್ನು ಸೈಕಲ್ ಬುಟ್ಟಿಯಲ್ಲಿ ತಂದರು. ಒಂದು ಬೀಕರಿನಲ್ಲಿ ಬರೀ ತೊಗಟೆ, ಒಂದರಲ್ಲಿ ತೊಗಟೆ ಮತ್ತು ತಾಮ್ರ, ಇನ್ನೊಂದರಲ್ಲಿ ತೊಗಟೆಯೇ ಇಲ್ಲದೆ ಹುಳಿನೀರು ಮತ್ತು ತಾಮ್ರ. ತಾಮ್ರ ಇದ್ದ ಎರಡರಲ್ಲೂ ಲೋಳೆ ಸತ್ತಿತು. ಬರೀ ತೊಗಟೆ ಎಂದಿನಂತೆ ಸೋತಿತು.

ಅಲ್ಲಿಗೆ ನನ್ನ ಮದ್ದಿನ ಕಥೆ ಮುಗಿಯಿತು ಎಂದುಕೊಂಡೆ. ಹೊರಡುವ ಮುಂಚೆ ಮೇಡಂ ಇನ್ನೊಂದು ತಟ್ಟೆ ಇಟ್ಟಿದ್ದರು. ಅದರಲ್ಲಿ ಲೋಳೆ ಕಟ್ಟಿದ ಮೇಲಲ್ಲ, ಕಟ್ಟುವ ಮುಂಚೆಯೇ ಕಷಾಯ ಹಾಕಿದ್ದರು. ಗಾಜಿನಲ್ಲಿ ಕಾಯಿಸಿದ, ತಾಮ್ರ ಮುಟ್ಟದ ಕಷಾಯ. ಆ ಗುಳಿಗಳು ಪೂರ್ತಿ ಸ್ವಚ್ಛವೇನೂ ಆಗಿರಲಿಲ್ಲ, ಆದರೆ ಬಣ್ಣ ತೆಳುವಾಗಿತ್ತು. ಕಟ್ಟಿದ ಕೋಟೆ ಕೆಡವುವ ಶಕ್ತಿ ಅದಕ್ಕಿಲ್ಲ. ಕಟ್ಟಲು ಬಂದವರಿಗೆ ಕಾಲೂರಲು ಸ್ವಲ್ಪ ಕಷ್ಟ ಕೊಡುತ್ತದೆ, ಅಷ್ಟೆ. ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಬಚ್ಚಲ ಕಲ್ಲು ನೆನಪಾಯಿತು. ಅವ್ವ ಅದನ್ನು ಕೊಡುತ್ತಿದ್ದುದು ಹಲ್ಲು ಹುಳುಕಾಗುವ ಮುಂಚೆ. ತೊಳೆಯುತ್ತಿದ್ದುದು ಆಗ ತಾನೇ ತರಚಿದ ಮೊಣಕಾಲು. ಹಳೆಯ ಗಾಯ ಕೀವಾದರೆ ಅವಳು ಒಲೆ ಹಚ್ಚುತ್ತಿರಲಿಲ್ಲ, ಜಗಳೂರಿನ ಆಸ್ಪತ್ರೆಗೆ ಎಳೆದುಕೊಂಡು ಹೋಗುತ್ತಿದ್ದಳು. ಅದನ್ನು ಮಾತ್ರ ನಾನು ಮರೆತಿದ್ದೆ.

ಆ ಶುಕ್ರವಾರದ ತಿಂಡಿಯ ಸರದಿ ನನ್ನದು. ಹೆಂಡತಿ ಕಟ್ಟಿಕೊಟ್ಟಿದ್ದ ಮಂಡಕ್ಕಿಗೆ ಒಗ್ಗರಣೆ ಹಾಕಿ ಒಯ್ದೆ. ಅರಿಶಿನದ ಬಣ್ಣ ನೋಡಿ ಎಲ್ಲರಿಗೂ ಸಂತೋಷ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಅರ್ಧ ಜನ ಅದಕ್ಕೆ ತಣ್ಣನೆ ಹಾಲು ಸುರಿದುಕೊಂಡಿದ್ದರು. ಹಸಿಮೆಣಸಿನಕಾಯಿ ಹಲ್ಲಿಗೆ ಸಿಕ್ಕಿದವರೊಬ್ಬರು ಕಣ್ಣೊರೆಸಿಕೊಳ್ಳುತ್ತಾ, “ಕುತೂಹಲಕಾರಿ,” ಎಂದರು. ಅಷ್ಟರಲ್ಲಿ ಭಾವನ ಮೆಸೇಜು ಬಂತು. ಈ ಸಲ ಫೋಟೊ ಇರಲಿಲ್ಲ, ಅಕ್ಷರವಿತ್ತು: ‘ಕೆರೆದರು. ಕಾಲು ಉಳೀತು.’ ಜನ್ಮದಲ್ಲಿ ಭಾವ ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದು. ನಾನೂ ಕಣ್ಣೊರೆಸಿಕೊಂಡೆ. ಎಲ್ಲರೂ ಮೆಣಸಿನಕಾಯಿ ಎಂದುಕೊಂಡರು.

ಮತ್ತೆ ನ್ಯಾಮತಿ

ಮರಳಿ ಬಂದು ಹೊನ್ನಾಳಿ ಸೇತುವೆ ದಾಟುವಾಗ ಅದು ಬೀಳುವ ಯೋಚನೆ ಬರಲಿಲ್ಲ. ದಾಟಿದ ಮೇಲೆ, ಯಾಕೆ ಬರಲಿಲ್ಲ ಎಂಬ ಯೋಚನೆ ಬಂತು.

ಅಕ್ಕ ಅದೇ ಗಲ್ಲಾದ ಹಿಂದೆ, ಅದೇ ಡಬ್ಬದ ಮೇಲೆ ಕಾಲು ಚಾಚಿ ಕೂತಿದ್ದಳು. ಪಟ್ಟಿ ಹೊಸದು. ಮಾಯಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಆ ಹಿಮ್ಮಡಿ ನೆಲಕ್ಕೆ ಊರುವಂತಿಲ್ಲ ಎಂದಿದ್ದರಂತೆ ಡಾಕ್ಟರು. ನಾನು ತಂದ ಬಿಸ್ಕತ್ತಿನ ಡಬ್ಬವನ್ನು ಅತ್ತಿತ್ತ ತಿರುಗಿಸಿ, ಮುಚ್ಚಳದ ಮೇಲಿನ ಹಸಿರು ಗೋಪುರದ ಚಿತ್ರ ನೋಡಿದಳು.

“ಇದೇನಾ ನಿನ್ನ ಕಿಲುಬು? ಇಷ್ಟು ದೊಡ್ಡದು ಕಾಣಬೇಕಾತಾ ನಿಂಗೆ? ಬೋಗುಣಿ ಒಳಗೆ ಬಗ್ಗಿ ನೋಡಿದ್ರೆ ಆಗ್ತಿತ್ತಲ್ಲೋ.”

“ಅವ್ವ ಅದ್ರಾಗೇ ಕಷಾಯ ಕಾಯ್ಸ್ತಿದ್ಳಲ್ಲ ಅಂತ...”

“ಯಾರಂದಿದ್ದು ನಿಂಗೆ? ಒಗರಿಗೆ ಕಲಾಯಿ ಕಪ್ಪಾಗ್ತೈತೆ ಅಂತ ಅವ್ವ ಅದನ್ನ ಹತ್ರಾನೂ ತರ್ತಿರಲಿಲ್ಲ. ಕಷಾಯ ಕಾಯ್ಸ್ತಿದ್ದುದು ಮಡಿಕೇಲಿ. ಬೋಗುಣೀಲಿ ಮಾಡ್ತಿದ್ದುದು ಹೋಳಿಗೆ ಸಾರು.”

ನನಗೆ ನೆನಪಿದ್ದುದು ಒಲೆಯ ಮುಂದೆ ಅವ್ವ, ಕೆಂಪು ತಾಮ್ರ, ಮುಖಕ್ಕೆ ಬಡಿಯುತ್ತಿದ್ದ ಹಬೆ. ಚನ್ನಗಿರಿಯ ಲ್ಯಾಬಿನಲ್ಲಿ ತೊಗಟೆ ಕುದಿಯುವಾಗಲೆಲ್ಲ ನಾನು ಕಣ್ಣು ಮುಚ್ಚಿ ಮರಳಿ ಪಡೆಯುತ್ತಿದ್ದ ಆ ಹಬೆ ಯುಗಾದಿಯ ಸಾರಿನದು. ಮದ್ದೆಂದುಕೊಂಡು ನಾನು ಡೆನ್ಮಾರ್ಕಿನವರೆಗೆ ಹೊತ್ತುಕೊಂಡು ಹೋದದ್ದು ಹಬ್ಬದ ಊಟದ ನೆನಪನ್ನು.

“ಖಾದರ್ ಸಾಬ್ರು ಅದಾರೇನಕ್ಕ?”

“ಅವರೆಲ್ಲಿ, ಹೋಗಿ ಭಾಳ ವರ್ಷ ಆತು. ಅವರ ಮಗ ಹೊನ್ನಾಳ್ಯಾಗೆ ಅದಾನೆ. ಮದುವೆ ಅಡುಗೆಯೋರ ಹಂಡೇಗೆ ಈಗಲೂ ಕಲಾಯಿ ಹಾಕ್ತಾನೆ. ಬೋಗುಣಿ ತಗಂಡೋಗಿ ಕೊಡು, ನನ್ ಹೆಸ್ರು ಹೇಳು.” ಬಿಸ್ಕತ್ತಿನ ಡಬ್ಬ ಪಕ್ಕಕ್ಕಿಟ್ಟು ಕಾಲಿನ ಪಟ್ಟಿಯನ್ನೊಮ್ಮೆ ನೋಡಿಕೊಂಡಳು. “ಯುಗಾದಿಗೆ ಎಲ್ರೂ ಇಲ್ಲಿಗೇ ಬರ್ರಿ. ಅದ್ರಾಗೆ ಹೋಳಿಗೆ ಸಾರು ಮಾಡ್ತೀನಿ.”

“ನೀನು ಹೋಳಿಗೆ ತಿನ್ನಂಗಿಲ್ಲ ಅಕ್ಕ.”

“ಸಾರು ಉಣ್ಣಬೋದಲ್ಲ? ಅಷ್ಟಕ್ಕೂ ನಾನು ತಿಂತೀನಿ ಅಂದ್ನಾ? ಮಾಡ್ತೀನಿ ಅಂದೆ,” ಎಂದಳು ಅಕ್ಕ. “ನಿಂತ್ಕಂಡು ಮಾಡ್ತೀನಿ.”